ಅಂಗಳಕ್ಕೆ ಬಂದ ತಗಡು

ಅಕ್ಕಾ,

ಚೆನ್ನಾಗಿದ್ದೇನೆ, ಕೆಲಸವೂ ಹೋಗಿಲ್ಲ. ಈ ಕಣಿವೆಯ ಬೇಸಿಗೆಯನ್ನು ನಂಬುವಂತಿಲ್ಲ. ಬೆಳಿಗ್ಗೆ ಚುರುಗುಟ್ಟುವ ಬಿಸಿಲು, ಮಧ್ಯಾಹ್ನ ಮಂಜು, ಸಂಜೆಗೆ ಆಲಿಕಲ್ಲು. ಹೋಟೆಲಿನ ದುಪ್ಪಟಿಗಳನ್ನು ನಾವು ಅಂಗಳದಲ್ಲಿ ಒಣಹಾಕುತ್ತೇವೆ. ನೆನೆದರೆ ಮತ್ತೆ ಒಗೆಯಬೇಕು, ಅದಕ್ಕೆ ಕೂಲಿಯಿಲ್ಲ. ಚಾವಣಿ ಕೇಳಿದರೆ ಮ್ಯಾನೇಜರ್, "ಪುಕ್ಕಟೆ ಬಿಸಿಲಿಗೆ ಅಡ್ಡ ಚಾವಣಿ ಕಟ್ತಾರೇನಮ್ಮ?" ಎಂದು ನಕ್ಕರು.

ಬುಧವಾರ ಮೋಡ ಕವಿದಾಗ ಒಗೆಯುವವರೆಲ್ಲ ದುಪ್ಪಟಿ ತೆಗೆಯದೆ ಕೈಕಟ್ಟಿ ಗೋಡೆಗೆ ಒರಗಿ ನಿಂತೆವು. "ನಿನ್ನ ಮಾತು ಕೇಳಿ ಕೆಲಸ ಹೋದ್ರೆ ನಿಮ್ಮನೇಲೇ ಬಂದು ಕೂರ್ತೀನಿ ನೋಡು," ಎಂದು ಇಸ್ತ್ರಿ ಮಾಡುವ ಅಜ್ಜಿ ನನ್ನನ್ನು ಗದರಿದರು; ಆದರೆ ನಿಂತಲ್ಲಿಂದ ಕದಲಲಿಲ್ಲ. ಮ್ಯಾನೇಜರೇ ಓಡಿ ಬಂದು ಹಗ್ಗದಿಂದ ಬಟ್ಟೆ ಎಳೆಯುವಷ್ಟರಲ್ಲಿ ಆಲಿಕಲ್ಲು ಬಿತ್ತು. ಒದ್ದೆ ದುಪ್ಪಟಿ ತಲೆಗೆ ಹೊದ್ದು ಅವರು ಕೂಗಾಡಿದ್ದನ್ನು ನೀನು ನೋಡಬೇಕಿತ್ತು! ಅಂದು ಅತಿಥಿಗಳು ಬರೀ ಹಾಸಿಗೆಯ ಮೇಲೆ ಮಲಗಿದರು. ಶುಕ್ರವಾರ ತಗಡು ಬಂತು.

ಒಟ್ಟಾಗಿ ನಿಂತರೆ ಗೆಲ್ಲುತ್ತೇವೆ ಎಂದು ಓದಿದ್ದು ನಿಜವಾಯಿತು. ನನ್ನ ಕರಪತ್ರಗಳ ಕಟ್ಟನ್ನು ಒಲೆಗೆ ಹಾಕಬೇಡ. ಬೇಡವೆಂದು ಬಿಟ್ಟುಬಂದ ಸ್ವೆಟರನ್ನು ಬೇಗ ಕಳಿಸು, ನೆಗಡಿ ಬಿಡುತ್ತಿಲ್ಲ.

ಚಾವಣಿ ಹಾಕಿದ ಮೇಲೆ ಒಂದು ಹನಿಯೂ ಬಿದ್ದಿಲ್ಲವೆಂದು ಮ್ಯಾನೇಜರ್ ಹಂಗಿಸುತ್ತಿದ್ದಾರೆ. ಈಗ ಬೆಟ್ಟದ ಹಿಂದೆ ಮೋಡ ಏಳುತ್ತಿದೆ. ಬರಲಿ.

ನಿನ್ನ ತಂಗಿ