ಅಜ್ಜಿಯ ಕನ್ನಡಕ

ಬ್ಯಾಡಗಿ
೧೨-೬-೧೯೮೮

ಹಲಗೇರಿಯ ಅಜ್ಜಿಗೆ ಸುಮಿತ್ರಾಳ ನಮಸ್ಕಾರ.

ನಾನು ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಈಗ ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ದೊಡ್ಡವಳಾದೆನೆಂದು ಅಪ್ಪ ಶಾಲೆ ಬಿಡಿಸಿದ ಮೇಲೆ ನಾನು ಮಾತು ಬಿಟ್ಟಾಗ, ಎಲ್ಲರೂ ಗಾಳಿ ಸೋಕಿದೆ ಎಂದರು. ನಿನ್ನ ಮೈಮೇಲೆ ಬಂದ ದೇವಿ ಮಾತ್ರ, "ಹುಡುಗೀನ್ನ ಸಾಲಿಗೆ ಕಳಸ್ರಲೇ, ಇಲ್ಲಂದ್ರ ಈ ಮನಿ ಬಿಟ್ಟು ಹೋಗ್ತೇನಿ" ಎಂದಳು. ಮೆಣಸಿನಕಾಯಿ ಪೇಟೆಯಲ್ಲಿ ಯಾರಿಗೂ ಬಗ್ಗದ ಅಪ್ಪ ನಿನಗೆ ಅಡ್ಡಬಿದ್ದ.

ದೇವಿ ಬರುವ ಮೊದಲು ನೀನು ಕನ್ನಡಕ ತೆಗೆದು ಜೋಪಾನವಾಗಿ ನನ್ನ ಕೈಗೆ ಕೊಟ್ಟದ್ದನ್ನು ನಾನು ಯಾರಿಗೂ ಹೇಳಿಲ್ಲ.

ಶುಕ್ರವಾರ ಅಕ್ಕ ಗಿರಿಜಾಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಅವಳಿಗಿನ್ನೂ ಹದಿನಾರು. ಈಗ ಅವಳೂ ಮಾತಾಡುತ್ತಿಲ್ಲ.

ಗುರುವಾರವೇ ಬಾ ಅಜ್ಜಿ. ಕನ್ನಡಕ ನಾನು ಹಿಡಿದುಕೊಳ್ಳುತ್ತೇನೆ.

ನಿನ್ನ ಮೊಮ್ಮಗಳು,
ಸುಮಿತ್ರಾ