ಮೂವತ್ತೊಂದನೇ ಸಾಲು

ಅಯೋವಾ
ಭಾನುವಾರ, ನವೆಂಬರ್ 16

ಪ್ರೀತಿಯ ಲವೋನ್,

ಎರಡು ಬೀದಿ ಆಚೆ ಇರುವವಳಿಗೆ ಅಂಚೆಯಲ್ಲಿ ಕಾಗದ ಹಾಕುತ್ತಿದ್ದೇನೆಂದು ನಿನಗೆ ನಗು ಬರಬಹುದು. ಫೋನ್ ಮಾಡಿದರೆ ನೀನು ‘ಕಾಫಿಗೆ ಇಟ್ಟಿದೀನಿ, ಬಾರೇ ಮಾರ್ಲಿಸ್’ ಅನ್ನುತ್ತೀಯ. ನಾನು ಬಂದು ಎರಡು ಲೋಟ ಕುಡಿದು, ಹೇಳಬೇಕಾದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಎದ್ದುಬರುತ್ತೇನೆ. ನಾಲ್ಕು ವಾರದಿಂದ ಹಾಗೇ ಆಗುತ್ತಿದೆ. ಅದಕ್ಕೇ ಈ ಕಾಗದ.

ಮೊದಲು ಆರ್ಡನ್ ವಿಷಯ. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಈ ಸಲ ನಿನ್ನ ತಮ್ಮನನ್ನು ಕರೆಯುವುದಿಲ್ಲವೆಂದು ನೀನು ಚರ್ಚಿನ ಬಾಗಿಲಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ. ‘ನನ್ನ ಮೊಮ್ಮಗನ ಕಾಲು ಮುರಿಸಿದವನ ಕೈಲಿ ನಾನು ಟರ್ಕಿ ಕೋಳಿ ಕೊಯ್ಸಲ್ಲ’ ಎಂದೆ. ಪ್ರತಿವರ್ಷ ತನ್ನ ಕರೆಂಟ್ ಚಾಕುವನ್ನು ಟವೆಲಿನಲ್ಲಿ ಮಗುವಿನ ಹಾಗೆ ಸುತ್ತಿಕೊಂಡು ಬರುವವನು ಅವನು. ಕರೆ ಅವನನ್ನು, ಲವೋನ್. ಯಾಕೆಂದು ಹೇಳುವುದಕ್ಕೇ ಕೂತಿದ್ದೇನೆ. ಸ್ವಲ್ಪ ಸುತ್ತಿಬಳಸಿ ಬರುತ್ತೇನೆ, ತಾಳಿಕೋ.

ಅಕ್ಟೋಬರಿನ ಆ ಗುರುವಾರ ನಿನ್ನ ಅಡುಗೆಮನೆಯಲ್ಲಿ ನಾವಿಬ್ಬರೂ ಶನಿವಾರದ ಆಟಕ್ಕೆಂದು ಮಾಡಿದ ಸಿಹಿಯನ್ನು ಚೌಕಚೌಕವಾಗಿ ಕೊಯ್ಯುತ್ತಿದ್ದೆವು. ಆರ್ಡನ್ ಅಂಚಿನ ತುಂಡುಗಳನ್ನೆಲ್ಲ ಖಾಲಿ ಮಾಡುತ್ತ ಕೂತಿದ್ದ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿದ್ದ ನಿನ್ನ ಮೊಮ್ಮಗ ಡಾಲ್ಟನ್ ಎರಡು ಆಟದಿಂದ ಮೈದಾನಕ್ಕೆ ಇಳಿದಿರಲಿಲ್ಲ. ಕೋಚ್ ತುಟಿ ಬಿಚ್ಚುತ್ತಿರಲಿಲ್ಲವಾದ್ದರಿಂದ ಊರಿಗೆ ಊರೇ ಡಾಕ್ಟರಾಗಿತ್ತು. ಆಗ ನೀನು ಚಾಕು ಕೆಳಗಿಟ್ಟು ಹೇಳಿದೆ: ‘ಅಭ್ಯಾಸದಲ್ಲಿ ಎಲ್ರಿಗೂ ಕಾಣೋ ಹಾಗೆ ಅವನ ಬಲ ಮೊಣಕಾಲಿಗೆ ಪಟ್ಟಿ ಕಟ್ಟಿ ಓಡಿಸ್ತಿದಾರೆ ಕಣ್ರೇ. ನೋವಿರೋದು ಎಡಗಾಲಲ್ಲಿ. ಶನಿವಾರ ಆಡ್ತಾನೆ. ಎದುರಿನೋರಿಗೆ ಗೊತ್ತಾದ್ರೆ ಆ ಕಾಲಿಗೇ ಬಂದು ಬೀಳ್ತಾರೆ. ನಿಮ್ಮಿಬ್ರಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಬಾಯಿಗೆ ಬೀಗ ಹಾಕ್ಕೊಳ್ಳಿ.’ ಆರ್ಡನ್ ಬಾಯಿತುಂಬ ಸಿಹಿ ಇಟ್ಟುಕೊಂಡೇ ತಲೆಯಾಡಿಸಿದ. ನಾನೂ ಆಡಿಸಿದೆ.

ಶನಿವಾರ ಬೆಳಗ್ಗೆ ಕ್ರೀಡಾಂಗಣದ ಹೊರಗೆ, ನಮ್ಮ ಮಾಮೂಲಿ ಜಾಗದಲ್ಲಿ, ಆರ್ಡನ್ ಟ್ರಕ್ಕಿನ ಹಿಂಬಾಗಿಲು ಇಳಿಸಿ ಸಾಸೇಜ್ ಸುಡುತ್ತಿದ್ದ. ಬಿಸಿಲಿತ್ತು, ಆದರೂ ಚಳಿ. ಸುತ್ತಮುತ್ತಲಿನ ಟ್ರಕ್ಕುಗಳಲ್ಲೆಲ್ಲ ಡಾಲ್ಟನ್‌ನ ಮೊಣಕಾಲಿನದೇ ಮಾತು. ಟ್ರಾಕ್ಟರ್ ಮಾರುವ ಮೆರ್ಲ್ ನೆನಪಿದೆಯಲ್ಲ, ‘ಬಸ್ಸಿಂದ ಇಳಿಯೋವಾಗ ನೋಡ್ದೆ, ಅದು ಮೊಣಕಾಲೇ ಅಲ್ಲ, ಸೊಂಟ’ ಎಂದು ತೀರ್ಪು ಕೊಟ್ಟ. ಹಂದಿ ಸಾಕುವ ರಾಸ್ಕೋ, ‘ನಮ್ಮ ಹಂದಿಯೊಂದಕ್ಕೆ ಹೀಗೇ ಆಗಿತ್ತು, ಆರು ವಾರ ಹಿಡೀತು’ ಎಂದ. ‘ನಿನ್ನ ಹಂದಿ ಯಾವ ಕಾಲೇಜಿಗೆ ಆಡ್ತಿತ್ತಯ್ಯ’ ಎಂದು ಆರ್ಡನ್ ಕೇಳಿ ಎಲ್ಲರೂ ನಕ್ಕರು. ನೀನೂ ನಕ್ಕೆ.

ಆಮೇಲೆ ಮೆರ್ಲ್‌ನ ಅಳಿಯ ಬಿಯರ್ ಡಬ್ಬಿ ಹಿಡಿದುಕೊಂಡು ಬಂದು, ‘ಕಾಲಿಗೆ ಏನೂ ಆಗಿಲ್ಲ ಬಿಡ್ರಿ. ಕುಂಟಾಗಿರೋದು ಎದೆ. ಮುಂದೆ ದುಡ್ಡಿಗೆ ಆಡ್ಬೇಕಲ್ಲ, ಅದಕ್ಕೇ ಈಗ ಮೈ ಉಳಿಸ್ಕೋತಿದಾನೆ’ ಎಂದ. ಹುಡುಗನ ಅಜ್ಜಿ ಮೂರಡಿ ದೂರದಲ್ಲಿ ನಿಂತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ನೀನು ಕೇಳಿಸಲೇ ಇಲ್ಲವೆಂಬಂತೆ ನನ್ನ ಬ್ರೆಡ್ಡಿಗೆ ಸಾಸಿವೆ ಹಚ್ಚುತ್ತಿದ್ದೆ. ನಿನ್ನ ಕಿವಿ ಮಾತ್ರ ಕೆಂಪಗಾಗಿತ್ತು. ‘ಮಾರ್ಲಿಸ್ ಅಜ್ಜಿ’ ಎಂದು ಕೂಗುತ್ತ, ನನ್ನ ಹಿತ್ತಲಲ್ಲಿ ಚೆಂಡಿನ ಬದಲು ಕುಂಬಳಕಾಯಿಯನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದನ್ನು ಕಲಿತ ಮಗು ಅದು. ಅವನು ಹೇಡಿಯೇ?

ಅಭಿಮಾನಿಗಳ ವೆಬ್‌ಸೈಟಿನಲ್ಲೂ ಬೆಳಗಿನಿಂದ ಇದೇ ಜಗಳ ನಡೆದಿತ್ತು. ಅಲ್ಲಿ ಹತ್ತೂ ನಲವತ್ತಕ್ಕೆ ‘ಸಾಲು 31’ ಎಂಬ ಹೆಸರಿನಲ್ಲಿ ಒಬ್ಬರು ಬರೆದರು: ಹುಡುಗ ಇವತ್ತು ಆಡುತ್ತಾನೆ, ಪೆಟ್ಟಾಗಿರುವುದು ಎಡಗಾಲಿಗೆ, ಬಲಗಾಲಿನ ಪಟ್ಟಿ ಬರೀ ಕಣ್ಣಿಗೆ ಮಣ್ಣೆರಚುವುದಕ್ಕೆ, ಮನೆಯವರೇ ಹೇಳಿದ್ದು. ಅರ್ಧ ಗಂಟೆಯಲ್ಲಿ ಅದು ಎದುರು ತಂಡದ ಅಭಿಮಾನಿಗಳ ಕಡೆಗೂ ಹೋಗಿತ್ತು. ‘ಎಡಗಾಲು, ಹುಡುಗ್ರಾ’ ಎಂದು ಒಬ್ಬ ಅದರ ಕೆಳಗೆ ಬರೆದಿದ್ದ.

ಮಾರನೆಯ ದಿನ ನೀನು ಆ ಹೆಸರು ನೋಡಿದೆ. ಕ್ರೀಡಾಂಗಣದ ಮೂವತ್ತೊಂದನೇ ಸಾಲಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂರುವವರು ನಾವು ಮೂವರು. ನೀನಂತೂ ಅಲ್ಲ. ನನಗೆ ಫೋನಿನಲ್ಲಿ ಒಂದು ಫೋಟೋ ಕಳಿಸಲೂ ಬರುವುದಿಲ್ಲವೆಂದು ನೀನು ಎಲ್ಲರ ಹತ್ತಿರವೂ ಹೇಳಿ ನಗುತ್ತೀಯ. ಉಳಿದವನು ಆರ್ಡನ್. ಅವನು ‘ನಾನಲ್ಲ ಅಕ್ಕಾ’ ಎಂದ. ನೀನು ಬಾಗಿಲು ಹಾಕಿಕೊಂಡೆ.

ಬರೆದದ್ದು ನಾನು, ಲವೋನ್.

ಈ ಸಾಲು ಬರೆದು ಎದ್ದುಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದು ಬಂದಿದ್ದೇನೆ. ನನ್ನ ಗಂಡ ಜೀನ್ ತೀರಿಕೊಂಡ ಚಳಿಗಾಲದಲ್ಲಿ, ಮನೆಯಲ್ಲಿ ಆಟದ ಬಗ್ಗೆ ಮಾತಾಡಲು ಯಾರೂ ಇಲ್ಲದೆ, ಅವನ ಫೋನಿನಲ್ಲೇ ಆ ವೆಬ್‌ಸೈಟಿಗೆ ಬರೆಯುವುದನ್ನು ಕಲಿತೆ. ನೀನು ನಗುತ್ತೀಯೆಂದು ನಿನಗೆ ಹೇಳಲಿಲ್ಲ. ಮಕ್ಕಳು ಕೆಸರು ಎರಚಿಕೊಳ್ಳುವ ಜಾಗ ಅದೆಂದು ನೀನೇ ಅನ್ನುತ್ತಿದ್ದೆ. ನಮ್ಮ ಹುಡುಗನ ಮಾನ ಉಳಿಸಬೇಕೆಂದು ಬರೆದೆ. ಒಬ್ಬನಾದರೂ ‘ಪಾಪ, ನೋವಿದ್ದರೂ ಆಡ್ತಿದಾನೆ’ ಎನ್ನಲಿ ಎಂದು. ಅದನ್ನು ಓದುವವರಲ್ಲಿ ಎದುರಿನವರೂ ಇರುತ್ತಾರೆಂಬುದು ತಲೆಗೇ ಹೊಳೆಯಲಿಲ್ಲ.

ಆಟದ ಬಗ್ಗೆ ನಿನಗೆ ನಾನೇನು ಹೇಳಲಿ. ಎರಡನೇ ಕ್ವಾರ್ಟರಿನಲ್ಲಿ ಎದುರು ತಂಡದ ಆ ದಡಿಯ ಎರಡು ಸಲ ತಗ್ಗಿ ಬಂದು ಎಡಗಾಲಿಗೇ ಬಿದ್ದನಂತೆ, ಮೂರನೇ ಸಲ ಡಾಲ್ಟನ್ ಏಳಲಿಲ್ಲ. ಅಷ್ಟು ಸಾವಿರ ಜನರ ಗದ್ದಲ ಒಮ್ಮೆಲೇ ನಿಂತುಹೋದದ್ದು, ನಮ್ಮಿಬ್ಬರ ತೊಡೆಯ ಮೇಲಿದ್ದ ಕಂಬಳಿಯ ಮೇಲಿಂದಲೇ ನೀನು ನನ್ನ ಕೈ ಹಿಡಿದದ್ದು, ಇವೆರಡು ನನಗೆ ಸಾಯುವವರೆಗೂ ಸಾಕು. ಆ ದಡಿಯ ನನ್ನ ಮಾತು ಓದಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಓದಿರಲಿಕ್ಕಿಲ್ಲವೆಂದು ದಿನಾ ಬೆಳಗ್ಗೆ ಅಂದುಕೊಳ್ಳುತ್ತೇನೆ. ಮಧ್ಯಾಹ್ನದ ಹೊತ್ತಿಗೆ ನನ್ನ ಮೇಲೆ ನನಗೇ ನಂಬಿಕೆ ಉಳಿದಿರುವುದಿಲ್ಲ. ಡಾಕ್ಟರು ಡಾಲ್ಟನ್‌ಗೆ ನಡೆದಾಡಬಹುದು, ಆಡುವುದನ್ನು ಮರೆತುಬಿಡು ಅಂದರಂತೆ. ಇಪ್ಪತ್ತು ವರ್ಷದವನಿಗೆ.

ಆರ್ಡನ್‌ಗೆ ಎಲ್ಲ ಗೊತ್ತು. ಆ ವಾರವೇ ನನ್ನ ಮನೆಗೆ ಬಂದ, ಟೋಪಿಯನ್ನೂ ತೆಗೆಯದೆ ಅಡುಗೆಮನೆಯಲ್ಲಿ ಕೂತ. ‘ನೀನೇ ಅಲ್ವಾ ಮಾರ್ಲಿಸ್?’ ಎಂದ. ನಾನು ಅತ್ತೆ. ‘ಅವಳಿಗೆ ಹೇಳ್ತೀಯಾ?’ ಎಂದು ಕೇಳಿದ್ದಕ್ಕೆ, ‘ನಾನ್ಯಾಕೆ ಹೇಳ್ಲಿ? ಈಗ ಅವಳು ತಮ್ಮನ್ನ ಬಿಟ್ಟಿದಾಳೆ. ನಾನು ಹೇಳಿದ್ರೆ ಗೆಳತೀನೂ ಬಿಡ್ತಾಳೆ. ಆಸ್ಪತ್ರೆಗೆ ಅವಳ ಜೊತೆ ಯಾರು ಹೋಗ್ತಾರೆ? ನೀನು ಹೋಗು’ ಎಂದ. ನಾನು ಹೋದೆ. ಪ್ರತಿ ಸಲವೂ ನಿನ್ನ ಕಾರಿನಲ್ಲಿ ಪಕ್ಕದಲ್ಲೇ ಕೂತು, ನೀನು ಅವನನ್ನು ಬೈಯುವುದನ್ನು ಕೇಳುತ್ತ ಹೋದೆ. ಒಂದು ಸಲ ‘ಹೌದು ಬಿಡು, ಅವನು ಮೊದಲಿಂದಲೂ ಬಾಯಿಬಡುಕ’ ಎಂದೂ ಅಂದೆ. ಅದಕ್ಕೂ ಕ್ಷಮೆಯಿಲ್ಲ.

ನಾಳೆ ನಾನೇ ಡಾಲ್ಟನ್ ಹತ್ತಿರ ಹೋಗಿ ಹೇಳುತ್ತೇನೆ. ಥ್ಯಾಂಕ್ಸ್‌ಗಿವಿಂಗ್ ದಿನ ನಿನ್ನ ಊಟದ ಮೇಜಿಗೆ ನಾನು ಬರುವುದಿಲ್ಲ. ಕಿಟಕಿ ಪಕ್ಕದ ನನ್ನ ಕುರ್ಚಿಯನ್ನು ಆರ್ಡನ್‌ಗೆ ಕೊಡು, ಅವನಿಗೆ ಅಲ್ಲಿ ಕೂತರೆ ಕೊಯ್ಯಲು ಬೆಳಕು ಚೆನ್ನಾಗಿರುತ್ತದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನ್ನ ತಮ್ಮನನ್ನು ಮಾತ್ರ ಕರೆ.

ನಿನ್ನ ಪಕ್ಕದಲ್ಲಿ ಇಷ್ಟು ವರ್ಷ ಕೂತವಳು,
ಮಾರ್ಲಿಸ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಹುಡುಗನ ಮಾನ ಉಳಿಸಲು ಬರೆದೆ ಎಂದೆನಲ್ಲ, ಅದು ಸುಳ್ಳು. ನಾನು ಬರೆಯುವ ಹೊತ್ತಿಗೆ ವೆಬ್‌ಸೈಟಿನಲ್ಲಿ ಜಗಳ ಮುಗಿದಿತ್ತು. ಯಾರೋ ಒಬ್ಬರು ‘ಹುಡುಗನ್ನ ಬಿಡ್ರಪ್ಪಾ, ಆಡಿದಾಗ ನೋಡೋಣ’ ಎಂದಿದ್ದರು, ಎಲ್ಲರೂ ಗಾಳಿ ಯಾವ ಕಡೆ ಬೀಸುತ್ತದೆಂಬ ಮಾತಿಗೆ ಹೋಗಿದ್ದರು. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು, ಅದಕ್ಕೇ ಬರೆದೆ. ಜೀನ್ ಹೋದಮೇಲೆ ನನ್ನ ಮಾತಿಗೆ ಅಷ್ಟು ಜನ ಕಿವಿಗೊಟ್ಟದ್ದು ಅದೇ ಮೊದಲು. ಆಟ ಶುರುವಾಗುವ ಹೊತ್ತಿಗೆ ಇನ್ನೂರ ಹದಿನಾಲ್ಕು ಮಂದಿ ಅದನ್ನು ಮೆಚ್ಚಿ ಲೈಕ್ ಒತ್ತಿದ್ದರು. ನೀನು ಕಂಬಳಿಯ ಮೇಲಿಂದ ಹಿಡಿದೆಯಲ್ಲ, ಆ ಕೈಯಲ್ಲಿ ಫೋನಿತ್ತು. ಕಂಬಳಿಯ ಅಂಚನ್ನು ಚೂರು ಎತ್ತಿ, ಎಷ್ಟಾಯಿತೆಂದು ನೋಡುತ್ತಿದ್ದೆ. ಡಾಲ್ಟನ್ ಬಿದ್ದದ್ದನ್ನು ನಾನು ನೋಡಲೇ ಇಲ್ಲ, ಲವೋನ್.