ಕೆಳಗಿನ ಮನೆಯ ಚಾರ್ಜರ್

ಸೋಮವಾರ, ಮಾರ್ಚ್ ೯

ಗುಬ್ಬಿಯ ಅಪ್ಪನಿಗೆ,

ಹದಿನಾರು ವರ್ಷದ ಸಂಸಾರದಲ್ಲಿ ನಿಮಗೆ ತರಕಾರಿ ಚೀಟಿ ಬಿಟ್ಟು ಬೇರೇನೂ ಬರೆದವಳಲ್ಲ ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ. ನಿಮ್ಮ ಎಡಗೈ ಹೆಬ್ಬೆರಳು ಈಗ ಸ್ವಲ್ಪ ಮಡಚುತ್ತದೆ ಎಂದು ಗುಬ್ಬಿ ನಿನ್ನೆ ನಿಮ್ಮ ಬಾಡಿಗೆ ಕೋಣೆಯಿಂದ ಬಂದು ಹೇಳಿದಳು. ಗಡಿಯಾರ ರಿಪೇರಿ ಬಿಟ್ಟು ಅದೇ ಅಂಗಡಿಯಲ್ಲಿ ಬೆಲ್ಟು ಮಾರುತ್ತಿದ್ದೀರಂತೆ. ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸುತ್ತಿದ್ದ ಬೆರಳುಗಳು ಅವು.

ಒಂದು ವಿಷಯ ಹೇಳಬೇಕು. ಸುತ್ತಿ ಬಳಸಿ ಹೇಳಹೊರಟರೆ ಮತ್ತೆ ನುಂಗಿಬಿಡುತ್ತೇನೆ. ಮನೆಗೆ ಬೆಂಕಿ ಬಿದ್ದ ದಿನ ಸ್ಕೂಟರಿನ ಬ್ಯಾಟರಿಗೆ ಚುಚ್ಚಿದ್ದ ಚಾರ್ಜರ್ ನಿಮ್ಮದಲ್ಲ.

ಕೆಳಗೆ ಪ್ಲಗ್ ಇಲ್ಲವೆಂದು ನೀವು ದಿನಾ ಬ್ಯಾಟರಿಯನ್ನು ಎರಡು ಮಹಡಿ ಹೊತ್ತು ತರುತ್ತಿದ್ದಿರಿ. ಬಾಲ್ಕನಿಯಲ್ಲಿ ಕಲ್ಲಿನ ಮೇಲಿಟ್ಟು, ಎದುರಿಗೇ ಕೂತು ಕಾಯುತ್ತಿದ್ದಿರಿ. “ಇದೇನು ಬಾಣಂತಿಯಾ, ಇಷ್ಟು ಆರೈಕೆ?” ಎಂದು ನಾನು ಆಡಿಕೊಳ್ಳುತ್ತಿದ್ದೆ. ಬಟ್ಟೆ ಒಣಗಿಸಲು ಬಾಲ್ಕನಿ ಬೇಕೆಂದು ಹಟ ಹಿಡಿದು ಅದನ್ನು ಒಳಗೆ, ಬಾಗಿಲ ಪಕ್ಕದ ಪ್ಯಾಸೇಜಿಗೆ ತರಿಸಿದವಳೂ ನಾನೇ. “ಬಾಗಿಲ ಹತ್ತಿರ ಬೇಡ ಕಣೇ” ಎಂದಿರಿ. ನಾನು ಮೂರು ದಿನ ಮುಖ ಊದಿಸಿಕೊಂಡ ಮೇಲೆ ಸುಮ್ಮನಾದಿರಿ.

ಆ ಮಧ್ಯಾಹ್ನ ನಿಮಗೆ ಜ್ವರ. ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು. ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, “ಒಂದು ಗಂಟೆ ಮಲಗ್ತೀನಿ, ದೀಪ ಹಸಿರಾದ್ರೆ ಕಿತ್ತುಬಿಡು” ಎಂದಿರಿ. ನಾನು ಹೂಂ ಎಂದೆ. ಕಸ ಗುಡಿಸುವಾಗ ಪೊರಕೆಗೆ ವೈರು ಸಿಕ್ಕಿ ಚಾರ್ಜರ್ ಮೇಜಿನಿಂದ ಬಿತ್ತು. ಎಷ್ಟು ತಟ್ಟಿದರೂ ದೀಪ ಹೊತ್ತಲಿಲ್ಲ. ಎಬ್ಬಿಸಿದ್ದರೆ ಬೈಯುತ್ತಿದ್ದಿರಿ, ಅಷ್ಟೇ. ಆ ಬೈಗುಳಕ್ಕೆ ಹೆದರಿ ಕೆಳಗಿನ ಮನೆಯವರಿಂದ ಅವರ ಗಾಡಿಯ ಚಾರ್ಜರ್ ಕೇಳಿ ತಂದೆ. ಪಿನ್ ಸರಿಯಾಗಿ ಕೂತಿತು. ಕೂತಿತಲ್ಲ, ಸಾಕು ಎಂದುಕೊಂಡು, ಹಾಳಾದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಬೀದಿಯ ಕಸದ ತೊಟ್ಟಿಗೆ ಎಸೆದೆ. ಹಾಗೇ ಗುಬ್ಬಿಯ ಜೊತೆ ನೋಟ್‌ಬುಕ್ ತರಲು ಹೋದೆ. ಹಸಿರು ದೀಪದ ನೆನಪೇ ಆಗಲಿಲ್ಲ.

ತಿರುಗಿ ಬರುವಾಗ ಬೀದಿಯಲ್ಲಿ ಜನ. ನೀವು ಬಾಲ್ಕನಿಯ ಒದ್ದೆ ಬೆಡ್‌ಶೀಟಿನಲ್ಲಿ ಅತ್ತೆಯನ್ನು ಸುತ್ತಿ, ಉರಿಯುವ ಪ್ಯಾಸೇಜನ್ನು ದಾಟಿ, ಕಾದ ಚಿಲಕವನ್ನು ಬರಿಗೈಯಲ್ಲಿ ತೆಗೆದು ಹೊರಗೆ ಬಂದಿದ್ದಿರಿ. ಮೇಲೆ ನೀರು ಸುರಿದಷ್ಟೂ ಬ್ಯಾಟರಿ ಆರಿದಂತೆ ಮಾಡಿ ಮತ್ತೆ ಭುಗ್ಗೆನ್ನುತ್ತಿತ್ತು. ಅಗ್ನಿಶಾಮಕದವರು, “ಚಾರ್ಜಿಗೆ ಹಾಕಿದ್ದು ಯಾರು?” ಎಂದರು. “ನಾನೇ ಸಾರ್. ಹಾಕಿ ಮಲಗಿಬಿಟ್ಟೆ” ಎಂದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ.

ಇಪ್ಪತ್ತು ದಿನ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡಿ ಅತ್ತೆ ಹೋದರು. ನಿಮ್ಮ ಅಕ್ಕ ಎಲ್ಲರೆದುರು, “ಹೆತ್ತವಳನ್ನೇ ಹೊಗೆ ಹಾಕಿ ಕೊಂದೆಯಲ್ಲೋ” ಎಂದು ಕೂಗಿದಾಗ ನೀವು ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದಿರಿ. ಬ್ಯಾಟರಿಯೇ ಕೆಟ್ಟಿತ್ತೇನೋ, ನನ್ನದೇ ತಪ್ಪೆಂದು ಯಾರು ಕಂಡರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದಾಗಿ ಎಂಟು ದಿನಕ್ಕೆ ನೀವು ಚೀಲ ಹಿಡಿದು ಹೊರಟಿರಿ. ಈ ಮನೆಯಲ್ಲಿರಲು ಆಗುವುದಿಲ್ಲ ಎಂದಷ್ಟೇ ಹೇಳಿದಿರಿ. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ನಿಮ್ಮ ಮುಖ ನೋಡುವುದು ತಪ್ಪಿತಲ್ಲ ಎಂದು ನಿರಾಳವಾಯಿತು.

ಹೋದ ವಾರ ಗುಬ್ಬಿಯ ಶಾಲೆಗೆ ಅಗ್ನಿಶಾಮಕದವರು ಬಂದು ಪೋಷಕರನ್ನೆಲ್ಲ ಕೂರಿಸಿ ತಿಳಿಸಿ ಹೇಳಿದರು. “ಪಿನ್ ಹೊಂದಿದ ಮಾತ್ರಕ್ಕೆ ಚಾರ್ಜರ್ ಹೊಂದಲ್ಲಮ್ಮ. ವೋಲ್ಟೇಜ್ ಜಾಸ್ತಿ ಆದ್ರೆ ಬ್ಯಾಟರಿ ಒಳಗೊಳಗೇ ಕಾದು ಸಿಡಿಯುತ್ತೆ. ಅದನ್ನ ಬಾಗಿಲಿಗೆ ಅಡ್ಡ ಇಟ್ರೆ ಓಡೋದೆಲ್ಲಿಗೆ?” ಯಾರಿಗೋ ಹೇಳಿದ ಮಾತು ನೇರ ನನ್ನ ಎದೆಗೇ ಬಂದು ನಾಟಿತು. ನನಗೆ ಉಳಿದಿದ್ದ ಒಂದೇ ನೆಪವೂ ಅಲ್ಲಿಗೆ ಮುಗಿಯಿತು.

ನಿಮ್ಮ ಅಕ್ಕನಿಗೂ ಬರೆದಿದ್ದೇನೆ. ಬೈದರೆ ಬೈಯಲಿ, ಶಪಿಸಿದರೆ ಶಪಿಸಲಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನೀವು ಅಮ್ಮನನ್ನು ಕೊಂದವರಲ್ಲ. ಅದನ್ನು ನಿಮಗೆ ಹೇಳಬೇಕಾದವಳು ನಾನೊಬ್ಬಳೇ ಆಗಿದ್ದೆ, ಹೇಳಲಿಲ್ಲ.

ಇಂತಿ,
ನಿಮ್ಮವಳು ಎಂದು ಬರೆಯಲು ಕೈ ಬಾರದ,
ಗುಬ್ಬಿಯ ಅಮ್ಮ

ತಾ.ಕ.: ವಿಳಾಸ ಬರೆದುಕೊಡು ಎಂದು ಗುಬ್ಬಿಯನ್ನು ಕರೆದೆ. ಅವಳಿಗೂ ತಿಳಿಯಲೆಂದು ಕಾಗದ ಕೊಟ್ಟೆ. ಓದಿ ಮುಗಿಸಿ, “ಅಪ್ಪನಿಗೆ ಗೊತ್ತು ಅಮ್ಮ” ಎಂದಳು. ಸುಟ್ಟ ಮನೆಯ ಬೂದಿ ಗುಡಿಸಿದ ದಿನವೇ ಕರಗಿದ ಚಾರ್ಜರನ್ನು ತಿರುವಿ ನೋಡಿ, “ಇದು ನಮ್ಮದಲ್ಲ” ಎಂದಿರಂತೆ. “ಅಮ್ಮ ತಾನಾಗೇ ಹೇಳ್ತಾಳೆ, ನೀನು ಕೇಳಬೇಡ” ಎಂದು ಅವಳಿಂದ ಮಾತು ತಗೊಂಡಿರಂತೆ. ಅದಾದ ಮೇಲೂ ಒಂದು ತಿಂಗಳು ನನ್ನ ಜೊತೆ ಇದೇ ಮನೆಯಲ್ಲಿದ್ದಿರಿ. ದಿನಾ ಕಾದಿದ್ದಿರಾ? ಕಾಗದ ಹರಿದುಹಾಕೋಣ ಎನ್ನಿಸಿತು, ಹರಿಯಲಿಲ್ಲ. ಅಂಚೆಗೂ ಹಾಕುವುದಿಲ್ಲ. ನಾಳೆ ಅಂಗಡಿ ಮುಚ್ಚುವ ಹೊತ್ತಿಗೆ ನಾನೇ ತರುತ್ತೇನೆ. ನೀವು ಇದನ್ನು ಓದುವವರೆಗೂ ಎದುರಿಗೇ ನಿಂತಿರುತ್ತೇನೆ.